ತಾರೀಖು ಕೊಟ್ಟ ಮೇಲೆ

(ಕೆಲಸ ಕಳೆದುಕೊಂಡವರು ಮತ್ತೆ ಮದುವೆ ಫೋಟೋಗ್ರಫಿಗೆ ಮರಳುವ ಬಗ್ಗೆ ಫೋಟೋಗ್ರಾಫರ್‌ಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕೆಲಸ ಹೋದ ಮೂರನೇ ದಿನ ನಾನು ಕಪಾಟಿನ ಮೇಲಿಂದ ಕ್ಯಾಮೆರಾ ಬ್ಯಾಗ್ ಇಳಿಸಿದೆ. 11 ವರ್ಷದಿಂದ ಅದು ಅಲ್ಲೇ ಇತ್ತು. ಆಗಾಗ ಧೂಳು ಒರೆಸಿದ್ದು ಬಿಟ್ಟರೆ ಜಿಪ್ ತೆಗೆದಿರಲಿಲ್ಲ. ಒಳಗೆ ನನ್ನ ಹಳೆಯ ಕ್ಯಾನನ್ 5ಡಿ ಮಾರ್ಕ್ 2, ಎರಡು ಲೆನ್ಸ್, ಒಂದು ಫ್ಲ್ಯಾಶ್. ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆ. ಚಾರ್ಜ್ ಹಿಡಿಯುತ್ತೋ ಇಲ್ವೋ ಅನ್ನೋ ಅನುಮಾನ ಇತ್ತು. ಹಿಡಿಯಿತು. ಸ್ವಿಚ್ ಒತ್ತಿದ ಕೂಡಲೇ ಪರದೆ ಮೇಲೆ ಬಂದದ್ದು ತಾರೀಖು, ಸಮಯ ತುಂಬಿಸುವ ಜಾಗ. ಆ ಕ್ಯಾಮೆರಾದಲ್ಲಿ ಗಡಿಯಾರ ನಡೆಸೋಕೆ ಅಂತಲೇ ಅಂಗಿ ಗುಂಡಿಯಷ್ಟು ಚಿಕ್ಕದೊಂದು ಬೇರೆ ಬ್ಯಾಟರಿ ಇರುತ್ತದೆ. ಅದು ಯಾವತ್ತೋ ಮುಗಿದುಹೋಗಿತ್ತು. ಇವತ್ತು ಯಾವ ದಿನ ಅನ್ನೋದು ಕ್ಯಾಮೆರಾಗೆ ಗೊತ್ತಿರಲಿಲ್ಲ.

ನನಗೂ ಥಟ್ಟನೆ ಹೊಳೆಯಲಿಲ್ಲ. ಆಫೀಸು ನಿಂತ ಮೂರೇ ದಿನಕ್ಕೆ ವಾರದ ಲೆಕ್ಕ ತಪ್ಪಿತ್ತು. ಫೋನ್ ನೋಡಿ ತಾರೀಖು ತುಂಬಿಸಿದೆ. ಆಗ ಒಂದು ಹಳೆಯ ಮಾತು ನೆನಪಾಯಿತು. ನಾನು ಮದುವೆ ಫೋಟೋ ತೆಗೆಯುತ್ತಿದ್ದ ಕಾಲದಲ್ಲಿ ಮನೆಯವರು ಏನೇ ಕಾರ್ಯಕ್ರಮ ಇಟ್ಟುಕೊಂಡರೂ ಮೊದಲು ನನ್ನನ್ನು ಕೇಳುತ್ತಿದ್ದರು: "ಆವತ್ತು ಯಾರಿಗಾದ್ರೂ ತಾರೀಖು ಕೊಟ್ಟಿದ್ದೀಯಾ?"

ತಾರೀಖು ಕೊಡುವುದು. ನಮ್ಮ ಕೆಲಸ ಇರುವುದೇ ಅದರಲ್ಲಿ. ಮದುವೆ ಮನೆಯವರು ನಮಗೆ ದುಡ್ಡು ಕೊಡುವಾಗ ಒಂದು ಫೋಟೋ ಕೂಡ ಹುಟ್ಟಿರುವುದಿಲ್ಲ. ಅವರು ಕೊಳ್ಳುವುದು ಒಂದು ಮಾತನ್ನು. ಆ ದಿನ, ಆ ಹೊತ್ತಿಗೆ, ನಾನು ಅಲ್ಲಿ ಇರುತ್ತೇನೆ ಅನ್ನುವ ಮಾತು. ಆ ದಿನ ಎರಡನೇ ಸಲ ಬರುವುದಿಲ್ಲ. ಕೆಲಸ ಕಳೆದುಕೊಂಡು ಈ ವ್ಯಾಪಾರಕ್ಕೆ ವಾಪಸು ಬರುವವರು ಮೊದಲು ಸರಿ ಮಾಡಿಕೊಳ್ಳಬೇಕಾದದ್ದು ಈ ಮಾತು ಉಳಿಸಿಕೊಳ್ಳುವ ಶಕ್ತಿಯನ್ನು, ಕ್ಯಾಮೆರಾ ಆಮೇಲೆ. ನಾನು ಇದನ್ನು ತಡವಾಗಿ ಕಲಿತೆ. ಅದಕ್ಕೇ ಇವತ್ತು ಇಲ್ಲಿಗೆ ಬಂದಿದ್ದೇನೆ.

ನಾನು 2005ರಿಂದ 2012ರವರೆಗೆ ಮದುವೆ ಫೋಟೋ ತೆಗೆದವಳು. ಆಮೇಲೆ ಒಂದು ಕಂಪನಿಯ ಡಿಸೈನ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ತಿಂಗಳಾದರೆ ಸಂಬಳ, ವಾರಕ್ಕೆರಡು ದಿನ ಮನೆ. ಕ್ಯಾಮೆರಾ ಎತ್ತಿಟ್ಟಿದ್ದಕ್ಕೆ ಬೇಜಾರು ಇರಲಿಲ್ಲ. 2023ರಲ್ಲಿ ಆ ವಿಭಾಗವನ್ನೇ ಮುಚ್ಚಿದರು. ಒಂದು ವಿಡಿಯೋ ಕರೆ, 15 ನಿಮಿಷ, ಮುಗಿಯಿತು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ 15 ನಿಮಿಷ ಕಂಡವರು ಇಲ್ಲೂ ಕೂತಿದ್ದೀರಿ. ಕಾಣದವರಿಗೆ ಹೇಳಿದರೂ ಅರ್ಥ ಆಗುವುದು ಕಷ್ಟ.

ಸುದ್ದಿ ತಿಳಿದವರೆಲ್ಲ ಒಂದೇ ಮಾತು ಹೇಳಿದರು. "ಹೇಗೂ ಕೈಯಲ್ಲಿ ವಿದ್ಯೆ ಇದೆಯಲ್ಲ, ನಾಳೆಯಿಂದಲೇ ಶುರು ಮಾಡು." ಪ್ರೀತಿಯಿಂದಲೇ ಹೇಳಿದ್ದು. ಆದರೆ ಈ ಕೆಲಸದಲ್ಲಿ ನಾಳೆ ಅನ್ನುವುದು ಇಲ್ಲ. ಇವತ್ತು ಕೆಲಸ ಹೋದರೆ ನಾಳೆ ಮದುವೆ ಸಿಗುವುದಿಲ್ಲ. ನಾಳೆ ಮದುವೆ ಇರುವವರು ಆರು ತಿಂಗಳ ಹಿಂದೆಯೇ ಯಾರನ್ನೋ ಗೊತ್ತು ಮಾಡಿರುತ್ತಾರೆ. ನನ್ನ ಪುಸ್ತಕದ ಲೆಕ್ಕ ಹೇಳುತ್ತೇನೆ. ಕೆಲಸ ಹೋದ ಐದನೇ ವಾರ ಮೊದಲ ವಿಚಾರಣೆ ಬಂತು. ಆ ಮದುವೆ ನಡೆದದ್ದು ಏಳನೇ ತಿಂಗಳಲ್ಲಿ. ಆಲ್ಬಮ್ ಕೊಟ್ಟು ಬಾಕಿ ಹಣ ಕೈಗೆ ಬರುವಾಗ ಒಂಬತ್ತು ತಿಂಗಳು ಕಳೆದಿತ್ತು. ಸಂಬಳ ನಿಂತ ದಿನದಿಂದ ಮೊದಲ ಪೂರ್ತಿ ದುಡ್ಡಿನವರೆಗೆ ಒಂಬತ್ತು ತಿಂಗಳು. ಈ ನಡುವಿನ ಕಾಲವನ್ನು ಹೇಗೆ ದಾಟುತ್ತೀರಿ ಅನ್ನುವುದನ್ನು ಮೊದಲು ಮನೆಯವರ ಜೊತೆ ಕೂತು ಬಿಡಿಸಿ ಮಾತಾಡಿ. ಲೆನ್ಸ್ ಯಾವುದು ಕೊಳ್ಳೋಣ ಅನ್ನುವ ಮಾತು ಅದಾದ ಮೇಲೆ.

ನಾನು ಆ ತಿಂಗಳುಗಳನ್ನು ದಾಟಿದ್ದು ಬೇರೆ ಫೋಟೋಗ್ರಾಫರ್‌ಗಳ ಆಲ್ಬಮ್ ಡಿಸೈನ್ ಮಾಡಿಕೊಂಡು, ಅವರ ಫೋಟೋಗಳ ಬಣ್ಣ ತಿದ್ದಿಕೊಂಡು. ಸೀಸನ್ನಿನಲ್ಲಿ ಅವರಿಗೆ ಕೆಲಸ ರಾಶಿ ಬಿದ್ದಿರುತ್ತದೆ. ಕೂತು ಮಾಡುವವರು ಬೇಕು. ದುಡ್ಡು ಕಡಿಮೆಯೇ. ಆದರೆ ವಾರ ವಾರ ಬರುತ್ತಿತ್ತು. ಸಾಲದ್ದಕ್ಕೆ ನನಗೆ ಇನ್ನೊಂದು ಲಾಭ ಆಯಿತು. 11 ವರ್ಷದಲ್ಲಿ ಮದುವೆ ಫೋಟೋ ಎಷ್ಟು ಬದಲಾಗಿದೆ ಅನ್ನುವುದನ್ನು ಬೇರೆಯವರ ಫೈಲುಗಳಲ್ಲಿ ನೋಡಿ ಕಲಿತೆ. ಒಬ್ಬರು ಎಲ್ಲಿ ನಿಂತಿದ್ದರು, ಯಾವ ಗಳಿಗೆಯಲ್ಲಿ ತಡ ಮಾಡಿದರು, ಯಾವಾಗ ಸುಮ್ನೆ ಕಾದರು ಅನ್ನುವುದೆಲ್ಲ ಫೈಲುಗಳನ್ನು ಸಾಲಾಗಿ ನೋಡಿದರೆ ಗೊತ್ತಾಗುತ್ತದೆ. ಎಡಿಟಿಂಗ್ ಕೆಲಸವನ್ನು ಯಾರೂ ಕೀಳಾಗಿ ನೋಡಬೇಡಿ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಇದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಅರ್ಥ ಇಲ್ಲ.

ನಾಲ್ಕನೇ ತಿಂಗಳಿಗೆ ನನ್ನ ಖಾತೆಯಲ್ಲಿ ಮೂರು ಮದುವೆಗಳ ಅಡ್ವಾನ್ಸ್ ಇತ್ತು. ಒಂದು ಮದುವೆಯೂ ನಡೆದಿರಲಿಲ್ಲ. ಖಾತೆ ನೋಡಿದರೆ ಸಂಬಳ ಬಂದ ಹಾಗೇ ಕಾಣುತ್ತಿತ್ತು. ಮನೆ ಬಾಡಿಗೆ ಕೊಟ್ಟೆ. ಮಗಳ ಶಾಲೆ ಫೀಸು ಕಟ್ಟಿದೆ. ಒಂದು ವಾರ ನೆಮ್ಮದಿಯಾಗಿ ನಿದ್ದೆ ಬಂತು. ಆಮೇಲೆ ಆ ಮೂರರಲ್ಲಿ ಒಂದು ಮದುವೆ ನಿಂತುಹೋಯಿತು. ಹುಡುಗಿಯ ತಂದೆ ಫೋನ್ ಮಾಡಿದರು. "ಅಮ್ಮಾ, ನಮ್ಮ ಮನೆಯಲ್ಲಿ ಹೀಗಾಗಿದೆ. ಕೊಟ್ಟ ದುಡ್ಡು ವಾಪಸು ಸಿಗಬಹುದಾ?" ಅಂತ ಬಹಳ ಸಂಕೋಚದಿಂದ ಕೇಳಿದರು. ನಮ್ಮ ನಡುವೆ ಬರೆದ ಒಪ್ಪಂದ ಏನೂ ಇರಲಿಲ್ಲ. ಬಾಯಿಮಾತಿನಲ್ಲಿ, ಏನೂ ತೊಂದರೆ ಇಲ್ಲ, ಹಾಗೇನಾದರೂ ಆದರೆ ಹಿಂದಿರುಗಿಸುತ್ತೇನೆ ಅಂತ ನಾನೇ ಹೇಳಿದ್ದೆ. ದುಡ್ಡು ಖರ್ಚಾಗಿತ್ತು. ಅವರಿಗೆ ನಾಳೆ ಕಳಿಸುತ್ತೇನೆ ಅಂದು ಫೋನಿಟ್ಟೆ. ಕೈ ನಡುಗುತ್ತಿತ್ತು. ತಮ್ಮನ ಹತ್ತಿರ ಕೇಳಿದೆ. ಅವನು ಯಾಕೆ ಅಂತ ಒಂದು ಮಾತೂ ಕೇಳದೆ ಕೊಟ್ಟ. ಆ ಸಂಜೆ ಅವನ ಮುಖ ನೋಡಿ ಮಾತಾಡಲು ನನ್ನಿಂದ ಆಗಲಿಲ್ಲ.

ಅವತ್ತಿನಿಂದ ಅಡ್ವಾನ್ಸಿಗೆ ಬೇರೆ ಖಾತೆ. ಅಡ್ವಾನ್ಸ್ ಅಂದರೆ ಇನ್ನೂ ಬಾರದ ದಿನದ ದುಡ್ಡು. ಮದುವೆ ಮುಗಿದು, ಮನೆಗೆ ಬಂದು, ಕ್ಯಾಮೆರಾದ ಮೆಮೊರಿ ಕಾರ್ಡುಗಳು ಎರಡು ಡಿಸ್ಕಿಗೆ ಕಾಪಿ ಆದ ಮೇಲೆ ಮಾತ್ರ ಆ ಖಾತೆಯಿಂದ ನನ್ನ ಮನೆಖರ್ಚಿನ ಖಾತೆಗೆ ದುಡ್ಡು ಹೋಗುತ್ತದೆ. ಎಷ್ಟೇ ಕಷ್ಟ ಇದ್ದರೂ ಇದರಲ್ಲಿ ರಾಜಿ ಇಲ್ಲ. ಸಂಬಳದವರಾಗಿ ಇದ್ದು ಬಂದ ನಮಗೆ ಇದು ಎಲ್ಲಕ್ಕಿಂತ ಕಷ್ಟದ ಅಭ್ಯಾಸ. ಖಾತೆಗೆ ಬಂದದ್ದೆಲ್ಲ ನಮ್ಮದು ಅಂತ ನಂಬಿಕೊಂಡು ವರ್ಷಗಟ್ಟಲೆ ಬದುಕಿರುತ್ತೇವೆ.

ಒಪ್ಪಂದವನ್ನೂ ಬರೆದು ಮಾಡತೊಡಗಿದೆ. ದೊಡ್ಡ ಭಾಷೆ ಏನೂ ಬೇಕಿಲ್ಲ. ತಾರೀಖು, ಜಾಗ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾರು ಬರುತ್ತಾರೆ, ಎಷ್ಟು ಫೋಟೋ, ಆಲ್ಬಮ್ ಯಾವಾಗ, ದುಡ್ಡು ಯಾವ ಯಾವ ಹಂತದಲ್ಲಿ, ಎರಡು ಪುಟಕ್ಕೆ ಮುಗಿಯುತ್ತದೆ. ಮದುವೆ ನಿಂತರೆ ಏನು, ಮುಂದೆ ಹೋದರೆ ಏನು ಅನ್ನುವುದನ್ನು ಬೇರೆ ಬೇರೆಯಾಗಿ ಬರೆಯಿರಿ. 2020ರಲ್ಲಿ ಕೊರೋನಾ ಬಂದು ಲೋಕದ ಎಲ್ಲ ಕಡೆ ಮದುವೆಗಳು ಮುಂದೆ ಹೋದಾಗ ಈ ಎರಡು ಬೇರೆ ಬೇರೆ ಅನ್ನುವುದು ನಮ್ಮವರಿಗೆ ಚೆನ್ನಾಗಿ ಗೊತ್ತಾಯಿತು. ನಿಂತರೆ ಒಂದು ಲೆಕ್ಕ. ಮುಂದೆ ಹೋದರೆ, ಹೊಸ ತಾರೀಖಿನಲ್ಲಿ ನಾವು ಖಾಲಿ ಇದ್ದೇವಾ ಅನ್ನುವುದು ಇನ್ನೊಂದು ಪ್ರಶ್ನೆ. ಅವರ ಫೋಟೋಗಳನ್ನು ನಾವು ನಮ್ಮ ಪ್ರಚಾರಕ್ಕೆ ಹಾಕಬಹುದಾ ಅನ್ನುವುದನ್ನೂ ಕೇಳಿ ಬರೆದುಕೊಳ್ಳಿ. ಕೆಲವರಿಗೆ ಇಷ್ಟ ಇರುವುದಿಲ್ಲ. ಅದು ಅವರ ಮುಖ, ಅವರ ದಿನ.

ಇನ್ನೊಂದು ವಿಷಯ ಒಪ್ಪಂದದಲ್ಲಿ ಇರಲೇಬೇಕು: ನನಗೆ ಹುಷಾರಿಲ್ಲದಿದ್ದರೆ? ನೌಕರಿಯಲ್ಲಿ ಜ್ವರ ಬಂದರೆ ಒಂದು ಮೆಸೇಜ್ ಹಾಕಿ ಮಲಗುತ್ತಿದ್ದೆ. ಇಲ್ಲಿ ನನಗೆ ಜ್ವರ ಬಂತು ಅಂತ ಮದುವೆ ನಿಲ್ಲಲ್ಲ. ನಾವು ನಾಲ್ಕು ಜನ ಫೋಟೋಗ್ರಾಫರ್‌ಗಳು ಒಂದು ಮಾತು ಮಾಡಿಕೊಂಡಿದ್ದೇವೆ. ನಾಲ್ವರ ತಾರೀಖುಗಳೂ ಒಂದೇ ಕ್ಯಾಲೆಂಡರಿನಲ್ಲಿ ಇವೆ. ಒಬ್ಬರು ಬಿದ್ದರೆ ಅವತ್ತು ಖಾಲಿ ಇರುವವರು ಹೋಗಬೇಕು. ನಾನು ಹೀಗೆ ಒಮ್ಮೆ ಹೋಗಿದ್ದೇನೆ, ನನಗಾಗಿ ಒಬ್ಬರು ಒಮ್ಮೆ ಬಂದಿದ್ದಾರೆ. ಒಂಟಿಯಾಗಿ ಈ ಕೆಲಸಕ್ಕೆ ಬಂದವರು ದಯವಿಟ್ಟು ಮೊದಲ ತಿಂಗಳಲ್ಲೇ ಇಂಥ ಮೂರು ಜನರನ್ನು ಹುಡುಕಿಕೊಳ್ಳಿ.

ರೇಟಿನ ವಿಷಯಕ್ಕೆ ಬರೋಣ. ಸಂಬಳ ನಿಂತವರು ಮಾಡುವ ಲೆಕ್ಕ ಹೀಗಿರುತ್ತದೆ: ನನ್ನ ತಿಂಗಳ ಸಂಬಳ ಇಷ್ಟು, ತಿಂಗಳಿಗೆ ಎರಡು ಮದುವೆ ಮಾಡಿದರೆ, ಒಂದಕ್ಕೆ ಅದರ ಅರ್ಧ ಸಾಕು. ನಾನೂ ಹೀಗೇ ಮಾಡಿದೆ. ಈ ಲೆಕ್ಕದಲ್ಲಿ ಬಹಳಷ್ಟು ಬಿಟ್ಟುಹೋಗಿದೆ. ಸಂಬಳದ ಜೊತೆ ಕಂಪನಿ ರಜೆ ಕೊಡುತ್ತಿತ್ತು, ಕಂಪ್ಯೂಟರ್ ಕೊಡುತ್ತಿತ್ತು, ಕರೆಂಟು ಕೊಡುತ್ತಿತ್ತು. ಈಗ ಎಲ್ಲ ನಮ್ಮದೇ. ಮದುವೆಗೆ ಸೀಸನ್ ಇರುತ್ತದೆ. ಸೀಸನ್ ಇಲ್ಲದ ತಿಂಗಳುಗಳ ಖರ್ಚನ್ನೂ ಸೀಸನ್ನಿನ ಮದುವೆಗಳೇ ಹೊರಬೇಕು. ಆಮೇಲೆ ಗಂಟೆಗಳ ಲೆಕ್ಕ. ನಾನು ಮೊದಲ ನಾಲ್ಕು ಮದುವೆಗಳಿಗೆ ಕೆಲಸ ಮಾಡಿದ ಗಂಟೆಗಳನ್ನು ಬರೆದಿಟ್ಟೆ. ಮದುವೆ ದಿನ 10 ಗಂಟೆ. ಅದಕ್ಕೆ ಮೊದಲು ಮಾತುಕತೆ, ಜಾಗ ನೋಡಿ ಬರುವುದು. ಆಮೇಲೆ ಸೆಲೆಕ್ಷನ್, ಎಡಿಟಿಂಗ್, ಆಲ್ಬಮ್, ತಿದ್ದುಪಡಿ. ಎಲ್ಲ ಕೂಡಿಸಿದರೆ ಒಂದು ಮದುವೆಗೆ ಸುಮಾರು 45 ಗಂಟೆ ಆಗುತ್ತಿತ್ತು. ಒಂದು ದಿನದ ಕೆಲಸ ಅಂದುಕೊಂಡದ್ದು ಒಂದು ವಾರಕ್ಕಿಂತ ಜಾಸ್ತಿ.

ಕ್ಯಾಮೆರಾ ಸವೆಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. 5ಡಿ ಮಾರ್ಕ್ 2ರ ಶಟರ್, ಅಂದರೆ ಪ್ರತಿ ಫೋಟೋಗೂ ತೆರೆದು ಮುಚ್ಚುವ ಪರದೆ, 1,50,000 ಸಲ ಬಾಳುತ್ತದೆ ಅಂತ ತಯಾರಕರು ಹೇಳಿದ್ದರು. ಒಂದು ಮದುವೆಗೆ 3,000 ಫೋಟೋ ತೆಗೆದರೆ 50 ಮದುವೆಗೆ ಆ ಸಂಖ್ಯೆ ಮುಗಿಯುತ್ತದೆ. ಅಷ್ಟಕ್ಕೇ ಕೆಡುತ್ತದೆ ಅಂತಲ್ಲ, ಕೆಲವು ಅದಕ್ಕಿಂತ ಎಷ್ಟೋ ಹೆಚ್ಚು ನಡೆಯುತ್ತವೆ. ಆದರೂ ಪ್ರತಿ ಮದುವೆಯ ದುಡ್ಡಿನಿಂದ ಮುಂದಿನ ಕ್ಯಾಮೆರಾದ ಬೆಲೆಯ ಐವತ್ತರಲ್ಲಿ ಒಂದು ಪಾಲು ಎತ್ತಿಟ್ಟರೆ ಆ ದಿನ ಬಂದಾಗ ಸಾಲ ಮಾಡಬೇಕಾಗಿಲ್ಲ.

ಇನ್ನು ಹೆದರಿಕೆಯಿಂದ ಇಟ್ಟ ರೇಟು. ನನ್ನ ಮೊದಲ ಮೂರು ಆರ್ಡರ್‌ಗಳನ್ನು ಖರ್ಚು ಕೂಡ ಹುಟ್ಟದ ರೇಟಿಗೆ ಒಪ್ಪಿಕೊಂಡೆ. ಮೊದಲು ಕೆಲಸ ಬರಲಿ, ಆಮೇಲೆ ಏರಿಸೋಣ ಅನ್ನುವ ಯೋಚನೆ. ಆದದ್ದೇನು ಅಂದರೆ, ಆ ಮದುವೆಗಳಿಗೆ ಬಂದ ಅವರ ನೆಂಟರು, ಸ್ನೇಹಿತರು ನನ್ನನ್ನು ಹುಡುಕಿಕೊಂಡು ಬಂದರು. ಅದೇ ರೇಟು ಕೇಳಿಕೊಂಡು ಬಂದರು. ನಮ್ಮ ಕೆಲಸ ಬಾಯಿಂದ ಬಾಯಿಗೆ ಹೋಗುತ್ತದೆ. ಫೋಟೋ ಚೆನ್ನಾಗಿದೆ ಅನ್ನುವ ಮಾತಿನ ಜೊತೆಗೆ ಎಷ್ಟಕ್ಕೆ ಮಾಡಿದರು ಅನ್ನುವ ಮಾತೂ ಹೋಗುತ್ತದೆ. ಆ ರೇಟಿನಿಂದ ಬಿಡಿಸಿಕೊಳ್ಳಲು ನನಗೆ ಒಂದು ಇಡೀ ಸೀಸನ್ ಬೇಕಾಯಿತು. ಈಗ ಯಾರಿಗಾದರೂ ಕಡಿಮೆ ಮಾಡಲೇಬೇಕು ಅನ್ನಿಸಿದರೆ ರೇಟು ಇಳಿಸುವುದಿಲ್ಲ, ಕೆಲಸ ಇಳಿಸುತ್ತೇನೆ. ಕಡಿಮೆ ಗಂಟೆ, ಚಿಕ್ಕ ಆಲ್ಬಮ್. ಮದುವೆ ಮನೆಯವರಿಗೂ ಅದು ಸರಿ ಅನ್ನಿಸುತ್ತದೆ.

ಹಾಗಾದರೆ ಕೈ? 11 ವರ್ಷ ಬಿಟ್ಟ ಕೈ ಮತ್ತೆ ಪಳಗುವುದು ಹೇಗೆ? ದುಡ್ಡು ಕೊಟ್ಟು ಕರೆದವರ ಮದುವೆಯಲ್ಲಿ ಕೈ ಪಳಗಿಸಿಕೊಳ್ಳುವುದು ತಪ್ಪು ಅಂತ ನನಗೆ ಅನ್ನಿಸಿತ್ತು. ಅದಕ್ಕೆ ಬೇರೆ ಫೋಟೋಗ್ರಾಫರ್‌ಗಳು ಒಪ್ಪಿಕೊಂಡ ಮದುವೆಗಳಿಗೆ ಸೆಕೆಂಡ್ ಶೂಟರ್ ಆಗಿ, ಅಂದರೆ ಅವರ ಜೊತೆ ಎರಡನೇ ಕ್ಯಾಮೆರಾ ಹಿಡಿಯುವವಳಾಗಿ ಹೋದೆ.

ನಾನು ಮೊದಲು ಫೋನ್ ಮಾಡಿದ್ದು ಒಬ್ಬ ಹುಡುಗಿಗೆ. 2010ರ ಸುಮಾರಿಗೆ ಕಾಲೇಜು ಓದುತ್ತಾ ನನ್ನ ಜೊತೆ ಲೈಟ್ ಹಿಡಿಯಲು ಬರುತ್ತಿದ್ದವಳು. ಈಗ ಅವಳದೇ ತಂಡ ಇದೆ. ಕೇಳುವ ಮೊದಲು ಎರಡು ದಿನ ಫೋನ್ ಕೈಯಲ್ಲಿ ಹಿಡಿದು ಕೂತಿದ್ದೆ. ಕೊನೆಗೆ ಬಾಯಿಬಿಟ್ಟು ಹೇಳಿದೆ: ನನ್ನ ಕೆಲಸ ಹೋಗಿದೆ, ಮತ್ತೆ ಶುರು ಮಾಡಬೇಕು, ನಿನ್ನ ಜೊತೆ ಬರಲಾ? ಅವಳು ಒಂದು ಕ್ಷಣ ಸುಮ್ಮನಿದ್ದು, "ಅಕ್ಕಾ, ಶನಿವಾರ ಒಂದಿದೆ. ಬೆಳಗ್ಗೆ ಐದೂವರೆಗೆ ಬನ್ನಿ" ಅಂದಳು. ಅಷ್ಟೇ. ಆ ಮಾತಿನ ಋಣ ದೊಡ್ಡದು.

ಶನಿವಾರ ಹೋದೆ. ಹಳೆಯ ಕ್ಯಾಮೆರಾ ಬೇಡ ಅಂತ ಬಾಡಿಗೆಗೆ ಕ್ಯಾನನ್ ಆರ್6 ತಗೊಂಡಿದ್ದೆ, 2020ರಲ್ಲಿ ಬಂದ ಮಾಡೆಲ್. ನನ್ನ ಹಳೆಯ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಅದಕ್ಕೆ ಹೊಂದುತ್ತವೆ, ಹಾಗಾಗಿ ಲೆನ್ಸಿಗೆ ಖರ್ಚು ಬರಲಿಲ್ಲ. ಅವಳು ನನ್ನನ್ನು ಕಂಡ ಕೂಡಲೇ ಮಾಡಿದ ಮೊದಲ ಕೆಲಸ ತನ್ನ ಫೋನ್ ತೆಗೆದು ಸೆಕೆಂಡು ಓಡುವ ಗಡಿಯಾರ ತೋರಿಸಿದ್ದು. "ಅಕ್ಕಾ, ಮೊದಲು ಟೈಮ್ ಸೇರಿಸ್ಕೊಳ್ಳೋಣ. ಇದರ ಒಂದು ಫೋಟೋ ತಗೊಳ್ಳಿ." ಅವಳ ಎರಡು ಕ್ಯಾಮೆರಾ, ನನ್ನದೊಂದು, ಮೂರರಲ್ಲೂ ಅದೇ ಗಡಿಯಾರದ ಫೋಟೋ ತೆಗೆದೆವು. ನನ್ನ ಕ್ಯಾಮೆರಾ ನಾಲ್ಕು ನಿಮಿಷ ಮುಂದಿತ್ತು. ನಾಲ್ಕು ನಿಮಿಷ ಏನು ಮಹಾ ಅನ್ನಿಸಬಹುದು. ಮೂರು ಕ್ಯಾಮೆರಾದ ಸಾವಿರಾರು ಫೋಟೋಗಳನ್ನು ಸಮಯದ ಪ್ರಕಾರ ಜೋಡಿಸುವಾಗ ನಾಲ್ಕು ನಿಮಿಷದ ತಪ್ಪಿದ್ದರೆ ಮದುಮಗಳು ಬರುವ ಮೊದಲೇ ಅವಳನ್ನು ನೋಡಿ ಅತ್ತ ಅಮ್ಮನ ಫೋಟೋ ಬಂದು ಕೂರುತ್ತದೆ. ಇಡೀ ಕಥೆ ಹಿಂದುಮುಂದಾಗುತ್ತದೆ.

ಆ ದಿನ ಇನ್ನೊಂದು ಪಾಠ ಆಯಿತು. ಹೊಸ ಕ್ಯಾಮೆರಾದಲ್ಲಿ ಸದ್ದೇ ಇಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆ ಅಂತ ನನಗೆ ಬಹಳ ಖುಷಿ. ನಮ್ಮ ಕಾಲದಲ್ಲಿ ಪ್ರತಿ ಫೋಟೋಗೂ ಕ್ಯಾಮೆರಾ ಒಳಗಿನ ಕನ್ನಡಿ ಮೇಲೇಳುವ ಸದ್ದಿಗೆ ಜನ ತಿರುಗಿ ನೋಡುತ್ತಿದ್ದರು. ಸದ್ದಿಲ್ಲದ ಶಟರಿನಲ್ಲೇ ಅರ್ಧ ಗಂಟೆ ತೆಗೆದೆ. ಅವಳು ಹಿಂದಿನಿಂದ ಬಂದು ಪರದೆ ನೋಡಿದಳು. "ಅಕ್ಕಾ, ವೇದಿಕೆ ಲೈಟ್ ನೋಡಿದ್ರಾ? ಫೋಟೋ ಒಂದ್ಸಲ ದೊಡ್ಡದು ಮಾಡಿ." ಮಾಡಿದೆ. ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬಹಳ ಕಾಲ ಬಿಟ್ಟು ಬಂದವರಿಗೆ ಇದು ಹೊಸದು. 50 ಹರ್ಟ್ಸ್ ಕರೆಂಟಿನಲ್ಲಿ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. 60 ಹರ್ಟ್ಸ್ ಇರುವ ದೇಶಗಳಲ್ಲಿ 120 ಸಲ. ನಮ್ಮ ಕಣ್ಣಿಗೆ ಅದು ಕಾಣಲ್ಲ. ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆನ್ಸರ್ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಒಂದು ಸಾಲು ಓದುವಾಗ ದೀಪ ಬೆಳಗಿರುತ್ತದೆ, ಇನ್ನೊಂದು ಸಾಲಿಗೆ ಮಂಕಾಗಿರುತ್ತದೆ. ಪಟ್ಟಿ ಬೀಳುವುದು ಅದಕ್ಕೆ. ಮೆಕ್ಯಾನಿಕಲ್ ಶಟರಿಗೆ ಬಂದು ವೇಗವನ್ನು ಸೆಕೆಂಡಿನ 1/100ಕ್ಕೋ 1/50ಕ್ಕೋ ಇಳಿಸಿದರೆ ದೀಪದ ಒಂದು ಪೂರ್ತಿ ಮಿಣುಕು ಒಳಗೆ ಸೇರುತ್ತದೆ, ಹೆಚ್ಚಿನ ಸಲ ಸರಿಹೋಗುತ್ತದೆ. ಕೆಲವು ಎಲ್‌ಇಡಿ ಪರದೆಗಳು ಇದಕ್ಕೂ ಬಗ್ಗುವುದಿಲ್ಲ. ಅದಕ್ಕೆ ಮದುವೆ ಶುರುವಾಗುವ ಮೊದಲೇ ವೇದಿಕೆ ದೀಪ ಹಾಕಿಸಿ, ನಾಲ್ಕು ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ. ಈಗ ನಾನು ಎಲ್ಲಿ ಹೋದರೂ ಮೊದಲು ತಲೆ ಎತ್ತಿ ದೀಪ ನೋಡುತ್ತೇನೆ.

ಫೋಕಸ್ಸಿನ ವಿಷಯವೂ ಹಾಗೇ. 5ಡಿ ಮಾರ್ಕ್ 2ರಲ್ಲಿ ನಾವು ಆರಿಸಿಕೊಳ್ಳಬಹುದಾದ ಫೋಕಸ್ ಬಿಂದುಗಳು 9. ನಾನು ನಡುವಿನ ಒಂದನ್ನೇ ನಂಬಿದ್ದೆ. ಕಣ್ಣಿನ ಮೇಲೆ ಇಡು, ಅರ್ಧ ಒತ್ತು, ಫ್ರೇಮ್ ಸರಿಸು, ಪೂರ್ತಿ ಒತ್ತು. ಹೊಸ ಕ್ಯಾಮೆರಾ ಕಣ್ಣನ್ನು ತಾನೇ ಹುಡುಕಿ ಹಿಡಿದುಕೊಳ್ಳುತ್ತದೆ. ಆದರೂ ನನ್ನ ಬೆರಳು ಎರಡು ಮದುವೆಯವರೆಗೂ ಹಳೆಯ ಅಭ್ಯಾಸ ಬಿಡಲಿಲ್ಲ. ಬಿಟ್ಟ ಮೇಲೆ ಒಂದು ದೊಡ್ಡ ಬಿಡುಗಡೆ ಸಿಕ್ಕಿತು. ಫೋಕಸ್ಸಿಗೆ ಹೋಗುತ್ತಿದ್ದ ಗಮನವೆಲ್ಲ ಜನರ ಕಡೆ ಹೋಗತೊಡಗಿತು.

ಮತ್ತು ಅಲ್ಲೇ ನನಗೆ ಗೊತ್ತಾದದ್ದು, ಎಲ್ಲವೂ ಹೋಗಿಲ್ಲ ಅಂತ. ಅದೇ ಶನಿವಾರ, ಮದುಮಗಳು ತಯಾರಾಗುತ್ತಿದ್ದ ಕೋಣೆಯ ಹೊರಗೆ ಅವಳ ಅಪ್ಪ ನಿಂತಿದ್ದರು. ಎಲ್ಲರ ಕ್ಯಾಮೆರಾಗಳೂ ಒಳಗಿದ್ದವು. ಅವರು ಕೈಗಡಿಯಾರದ ಪಟ್ಟಿ ಬಿಚ್ಚುತ್ತಾರೆ, ಮತ್ತೆ ಹಾಕುತ್ತಾರೆ. ಬಿಚ್ಚುತ್ತಾರೆ, ಇನ್ನೊಂದು ತೂತಿಗೆ ಹಾಕುತ್ತಾರೆ. ಸರಿಯಾಗಿಯೇ ಇತ್ತು ಅದು. ಬಾಗಿಲ ಕಡೆಯಿಂದ ಒಂದು ಮಗ್ಗುಲಿನ ಬೆಳಕು ಅವರ ಕೈ ಮೇಲೆ ಬೀಳುತ್ತಿತ್ತು. ನಾನು ಎದುರಿನ ಗೋಡೆಗೆ ಒರಗಿ ಸುಮ್ನೆ ನಿಂತೆ. ಕ್ಯಾಮೆರಾ ಕೆಳಗೇ ಇತ್ತು. ಇಂಥ ಕಡೆ ಮೊದಲೇ ಕ್ಯಾಮೆರಾ ಎತ್ತಿದರೆ ಮನುಷ್ಯ ಎಚ್ಚೆತ್ತುಕೊಳ್ಳುತ್ತಾನೆ. ಐದಾರು ನಿಮಿಷ ಆಯಿತು. ಬಾಗಿಲು ತೆರೆಯಿತು. ಮಗಳು ಹೊರಗೆ ಬಂದಳು. ಅಪ್ಪನ ಕೈ ಅರ್ಧದಲ್ಲೇ ನಿಂತಿತು. ಪಟ್ಟಿ ಬಿಚ್ಚಿಕೊಂಡೇ ಜೋತಾಡುತ್ತಿತ್ತು, ಅವರಿಗೆ ಅದು ನೆನಪೇ ಇಲ್ಲ. ನಾನು ಮೂರು ಫೋಟೋ ತೆಗೆದೆ. ಎರಡನೆಯದರಲ್ಲಿ ಎಲ್ಲವೂ ಇತ್ತು: ಅವರ ಮುಖ, ಜೋತು ಬಿದ್ದ ಗಡಿಯಾರ, ಅಂಚಿನಲ್ಲಿ ಮಗಳ ಭುಜ.

ಆ ಕುಟುಂಬ ಆಲ್ಬಮ್ಮಿನ ಮೊದಲ ಪುಟಕ್ಕೆ ಆರಿಸಿದ್ದು ಅದನ್ನೇ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಯಾವ ಹೊಸ ಕ್ಯಾಮೆರಾವೂ ಹೇಳಿಕೊಡುವುದಿಲ್ಲ. ನಿಮ್ಮಲ್ಲಿ ವರ್ಷಗಟ್ಟಲೆ ಬಿಟ್ಟು ಬರುತ್ತಿರುವವರಿಗೆ ನಾನು ಧೈರ್ಯವಾಗಿ ಹೇಳಬಲ್ಲೆ, ಅದು ಕೈ ಬಿಟ್ಟು ಹೋಗಿರುವುದಿಲ್ಲ. ವಯಸ್ಸಾದ ಹಾಗೆ ಬೆಳೆದಿರುತ್ತದೆ. 2010ರಲ್ಲಿ ನಾನು ಆ ಅಪ್ಪನನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದೆ. ಈಗ ನನಗೂ ಮಗಳಿದ್ದಾಳೆ.

ಬ್ಯಾಕಪ್ಪಿನ ಬಗ್ಗೆ ಎರಡು ಮಾತು. ಫಿಲಂ ಕಾಲದಲ್ಲಿ ಒಂದು ರೋಲ್ ಹಾಳಾದರೆ 36 ಫೋಟೋ ಹೋಗುತ್ತಿತ್ತು. ಈಗ ಒಂದು ಕಾರ್ಡ್ ಹೋದರೆ ಇಡೀ ಮದುವೆ ಹೋಗುತ್ತದೆ. ನನ್ನ ಹಳೆಯ ಕ್ಯಾಮೆರಾದಲ್ಲಿ ಕಾರ್ಡಿಗೆ ಒಂದೇ ಜಾಗ. ಅದಕ್ಕೇ ಅದನ್ನು ದುಡ್ಡು ತಗೊಂಡು ಮಾಡುವ ಮದುವೆಗೆ ಒಯ್ಯಬಾರದು ಅಂತ ತೀರ್ಮಾನ ಮಾಡಿದೆ. ಚಿತ್ರ ಈಗಲೂ ಚೆನ್ನಾಗಿ ಬರುತ್ತದೆ, ಆದರೆ ಮಾತು ಕೊಡಲು ಅದು ಸಾಲದು. ಎರಡು ಕಾರ್ಡ್ ಹಾಕುವ ಕ್ಯಾಮೆರಾದಲ್ಲಿ ಎರಡಕ್ಕೂ ಒಂದೇ ಫೋಟೋ ಬರೆಯುವ ಹಾಗೆ ಇಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್ ಬಳಕೆಗೆ ತಂದ 3-2-1 ಕ್ರಮ: ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಂಗ್ರಹದಲ್ಲಿ, ಒಂದು ಮನೆಯಿಂದ ಹೊರಗೆ. ರಾ ಫೈಲ್, ಅಂದರೆ ಕ್ಯಾಮೆರಾ ಬರೆಯುವ ತಿದ್ದದ ಮೂಲ ಫೈಲ್, ಒಂದಕ್ಕೆ 25 ಎಂಬಿ ಹಿಡಿದರೆ 3,000 ಫೋಟೋಗೆ 75 ಜಿಬಿ. ಮೂರು ಪ್ರತಿಗೆ 225. ಈ ಡಿಸ್ಕುಗಳ ಖರ್ಚು ರೇಟಿನ ಒಳಗೆ ಇರಬೇಕು. ಎಷ್ಟೇ ದಣಿದಿದ್ದರೂ ಕಾಪಿ ಮಾಡದೆ ನಾನು ಮಲಗುವುದಿಲ್ಲ.

ಕೊನೆಯದಾಗಿ ಜನರಿಗೆ ಹೇಳುವ ವಿಷಯ. ಕೆಲಸ ಹೋಗಿದ್ದನ್ನು ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ನನಗೂ ಆಯಿತು. ಹೇಳದೆ ಸುಮ್ನೆ ಕೂತ ನಾಲ್ಕು ವಾರ ಒಂದು ಫೋನೂ ಬರಲಿಲ್ಲ. ಆಮೇಲೆ ಗೊತ್ತಿರುವ 60 ಜನರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದೆ: ನನ್ನ ಕೆಲಸ ಹೋಗಿದೆ, ಮತ್ತೆ ಮದುವೆ ಫೋಟೋ ಶುರು ಮಾಡುತ್ತಿದ್ದೇನೆ, ಯಾರಾದರೂ ಹುಡುಕುತ್ತಿದ್ದರೆ ನನ್ನ ಹೆಸರು ಹೇಳಿ. ಮೊದಲ ವಿಚಾರಣೆ ಬಂದದ್ದು ಆ ವಾರವೇ. ಅವರಿಗೆ ನನ್ನ ಹೆಸರು ಹೇಳಿದವರು 2009ರಲ್ಲಿ ನಾನು ಮದುವೆ ಫೋಟೋ ತೆಗೆದಿದ್ದ ದಂಪತಿ.

ಹಳೆಯ ಫೋಟೋ ತೋರಿಸುವಾಗ ಒಂದು ಎಚ್ಚರ. ನನ್ನ ಹತ್ತಿರ ಇದ್ದ ಒಳ್ಳೆಯ ಫೋಟೋಗಳೆಲ್ಲ 11 ವರ್ಷ ಹಳೆಯವು. ಅವನ್ನು ನಿನ್ನೆ ತೆಗೆದವು ಅನ್ನುವ ಹಾಗೆ ತೋರಿಸಲು ಮನಸ್ಸು ಒಪ್ಪಲಿಲ್ಲ. ಪ್ರತಿಯೊಂದರ ಕೆಳಗೆ ವರ್ಷ ಬರೆದೆ. ಒಬ್ಬ ಹುಡುಗ ಕೇಳಿದ, "ನಡುವೆ ಎಲ್ಲಿ ಹೋಗಿದ್ರಿ ಮೇಡಂ?" ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಒಂದು ವಾರ ಬಿಟ್ಟು ಫೋನ್ ಮಾಡಿ ತಾರೀಖು ಗಟ್ಟಿ ಮಾಡಿದ.

ಕಳೆದ ತಿಂಗಳು ಒಂದು ಕಂಪನಿಯಿಂದ ನನಗೆ ಕರೆ ಬಂತು. ಒಳ್ಳೆಯ ಕೆಲಸ, ಒಳ್ಳೆಯ ಸಂಬಳ. ಬರುವ ಒಂದನೇ ತಾರೀಖಿನಿಂದ ಸೇರಿಕೊಳ್ಳಬಹುದಾ ಅಂತ ಕೇಳಿದರು. ನಾನು ಕ್ಯಾಲೆಂಡರ್ ತೆಗೆದು ನೋಡಿದೆ. ಮುಂದಿನ ನಾಲ್ಕು ತಿಂಗಳಲ್ಲಿ ಆರು ತಾರೀಖು ಕೊಟ್ಟಿದ್ದೆ. ಸೇರುತ್ತೇನೆ, ಆದರೆ ಈ ಆರು ದಿನ ನನಗೆ ಬಿಡುವು ಬೇಕು ಅಂದೆ. "ಆ ಕೆಲಸಕ್ಕೆ ಬೇರೆ ಯಾರನ್ನಾದರೂ ಕಳಿಸಬಹುದಲ್ಲ?" ಅಂದರು. ಆಗಲ್ಲ, ಅವರು ನನ್ನನ್ನು ನಂಬಿ ಗೊತ್ತು ಮಾಡಿದ್ದಾರೆ ಅಂದೆ. ಯೋಚಿಸಿ ತಿಳಿಸುತ್ತೇವೆ ಅಂದಿದ್ದಾರೆ. ಇನ್ನೂ ತಿಳಿಸಿಲ್ಲ. ಒಪ್ಪಿದರೆ ಹೋಗುತ್ತೇನೋ ಏನೋ, ಮನೆಯಲ್ಲಿ ಇನ್ನೂ ಮಾತಾಡುತ್ತಿದ್ದೇವೆ. ಸಂಬಳ ಕೆಟ್ಟದ್ದು ಅಂತ ನಾನು ಯಾರಿಗೂ ಹೇಳುವುದಿಲ್ಲ.

ಆ ಆರರಲ್ಲಿ ಒಂದು ಹೋದ ವಾರ ಮುಗಿಯಿತು. ಎರಡನೆಯದು ನಾಡಿದ್ದು. ಬೆಳಗ್ಗೆ ಐದೂವರೆಗೆ ಅಲ್ಲಿರಬೇಕು. ಈ ಸಲ ಆ ಹುಡುಗಿ ನನಗೆ ಸೆಕೆಂಡ್ ಶೂಟರ್ ಆಗಿ ಬರುತ್ತಿದ್ದಾಳೆ. ಗಡಿಯಾರದ ಫೋಟೋ ತೆಗೆಯಲು ಫೋನ್ ಈ ಸಲ ನಾನೇ ತೆಗೆದು ಹಿಡಿಯುತ್ತೇನೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದ. ಏನಾದರೂ ಕೇಳುವುದಿದ್ದರೆ ಕೇಳಿ, ನಾನು ಇಲ್ಲೇ ಇರುತ್ತೇನೆ.